ಒಂದು ಗೇಣು ಪೈಪು
(ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತು)



ಭಾಷಣ ಮಾಡಿ ನನಗೆ ಅಭ್ಯಾಸವಿಲ್ಲ. ಅದಕ್ಕೇ ಮಿಷನ್ನನ್ನೇ ಹೊತ್ತು ತಂದಿದ್ದೇನೆ. ಮಾತು ಮರೆತರೆ ಇದನ್ನು ನೋಡಿ ಹೇಳುತ್ತೇನೆ.

ಇದು ಕಳೆ ಹೊಡೆಯುವ ಮಿಷನ್. ಹೊಸದಲ್ಲ, ಹಳೆಯದು. ನಮ್ಮ ಸಂಘದ ಐದು ಜನ ಸೇರಿ ಸಾಲ ಮಾಡಿ ಕೊಂಡೆವು. ನಮ್ಮದು ಮಲೆನಾಡು. ಮಳೆಗಾಲ ಮುಗಿಯುವಷ್ಟರಲ್ಲಿ ಅಡಿಕೆ ತೋಟದಲ್ಲಿ ಮೊಣಕಾಲುದ್ದ ಕಳೆ ಬೆಳೆದಿರುತ್ತದೆ. ಕೊನೆಕೊಯ್ಲಿಗೆ ಮುಂಚೆ ಅದನ್ನು ಹೊಡೆಯಲೇಬೇಕು. ಇಲ್ಲದಿದ್ದರೆ ಉದುರಿದ ಅಡಿಕೆ ಕಣ್ಣಿಗೆ ಕಾಣೋದಿಲ್ಲ. ಆಗ ಎಲ್ಲರೂ ನಮ್ಮನ್ನೇ ಕರೆಯುತ್ತಾರೆ. ನಮಗೆ ದುಡಿಮೆಯ ಕಾಲ ಅದು.

ಆ ವರ್ಷ ಅದೇ ಹೊತ್ತಿಗೆ ಮಿಷನ್ ಮಲಗಿತು.

ಹಗ್ಗ ಎಳೆದರೆ ಶುರುವಾಗುತ್ತಿತ್ತು. ಒಂದು ನಿಮಿಷ ಚೆನ್ನಾಗಿ ಓಡುತ್ತಿತ್ತು. ವೇಗ ಕೊಟ್ಟರೆ ಸಾಕು, ಗೊರ್ ಅಂತ ಉಸಿರು ಕಟ್ಟಿ ನಿಲ್ಲುತ್ತಿತ್ತು. ಮತ್ತೆ ಎಳೆ, ಮತ್ತೆ ನಿಲ್ಲು. ತೋಳು ಬಿದ್ದು ಹೋಯಿತು. ಪೇಟೆಯ ರಿಪೇರಿ ಅಂಗಡಿಗೆ ಒಯ್ದೆವು. "ಒಂಬೈನೂರು ಆಗ್ತದೆ, ಒಂದು ವಾರ ಬಿಟ್ಟು ಬನ್ನಿ" ಅಂದರು. ಒಂದು ವಾರ ಅಂದರೆ ಏಳು ದಿನದ ಕೂಲಿ ಹೋಯಿತು. ಸಾಲದ ಕಂತು ಕಾಯುತ್ತದೆಯೇ? ಬಸ್ಸಿನಲ್ಲಿ ಹಾಗೇ ವಾಪಸು ತಂದೆವು.

ಮಾರನೇ ದಿನ ಇನ್ನೊಂದು ನಡೆಯಿತು. ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ನಮ್ಮ ಗುಂಪಿನ ತಂಗಿಯೊಬ್ಬಳು ಮಿಷನ್ ಹೊತ್ತು ತೋಟದಲ್ಲಿ ಮತ್ತೆ ಎಳೆದು ನೋಡಿದಳು. ಅದು ನಡೆಯಲಿಲ್ಲ. ಬೇಸರದಿಂದ ಮನೆಗೆ ಬಂದಳು. ಚಹಾ ಕಾಸೋಣ ಅಂತ ಒಲೆ ಮುಂದೆ ಕುಳಿತಳು. ಅವಳ ಅಂಗಿಯ ತೋಳು ಒದ್ದೆಯಾಗಿತ್ತು. ಬೆವರು ಅಂದುಕೊಂಡೆ. ಆದರೆ ವಾಸನೆ ಬಂತು. ಪೆಟ್ರೋಲು! ಕೈ ಹಿಡಿದು ಎಳೆದು ಅಂಗಳಕ್ಕೆ ತಂದೆ. ಅಂಗಿ ಬಿಚ್ಚಿಸಿ ತೋಳು ತೊಳೆಸಿದೆ. ಬೆಂಕಿಗೂ ಆ ಬಟ್ಟೆಗೂ ಮಧ್ಯೆ ಒಂದು ಮೊಳವೂ ಇರಲಿಲ್ಲ.

ಆಮೇಲೆ ಐದೂ ಜನ ಮಿಷನ್ ಸುತ್ತ ಕುಳಿತೆವು. ಪೆಟ್ರೋಲು ಎಲ್ಲಿಂದ ಸೋರಿತು? ಬೆಳಕಿಗೆ ಹಿಡಿದು ನೋಡಿದೆವು. ಟ್ಯಾಂಕಿನಿಂದ ಮೇಲೆ ಹೋಗುವ ಒಂದು ಸಣ್ಣ ಪೈಪು. ಉದ್ದ ಒಂದು ಗೇಣೂ ಇಲ್ಲ. ಬಗ್ಗಿಸಿದರೆ ಬಾಯಿ ಬಿಡುತ್ತಿತ್ತು, ಒಣಗಿದ ಅಡಿಕೆ ಹಾಳೆಯ ಹಾಗೆ. ಸೋರಿದ್ದು ಅಲ್ಲಿಂದಲೇ. ಮಿಷನ್ ನಿಲ್ಲುತ್ತಿದ್ದದ್ದೂ ಅದರಿಂದಲೇ.

ಹೇಗೆ ಅಂತೀರಾ? ಎಳನೀರನ್ನು ಕೊಳವೆಯಲ್ಲಿ ಕುಡಿಯುತ್ತೀರಲ್ಲ. ಆ ಕೊಳವೆಯಲ್ಲಿ ತೂತು ಇದ್ದರೆ ಏನಾಗುತ್ತದೆ? ಬಾಯಿಗೆ ಬರೀ ಗಾಳಿ ಬರುತ್ತದೆ. ಇದೂ ಹಾಗೇ. ಮಿಷನ್ ಪೆಟ್ರೋಲನ್ನು ಹೀರಿಕೊಂಡು ಓಡುತ್ತದೆ. ಪೈಪು ಸೀಳಿದರೆ ಗಾಳಿ ಹೀರುತ್ತದೆ, ಹಸಿದು ನಿಲ್ಲುತ್ತದೆ.

ಪೈಪಿನ ತುದಿಗೆ ಟ್ಯಾಂಕಿನ ಒಳಗೆ ಒಂದು ಫಿಲ್ಟರ್ ಇರುತ್ತದೆ. ಹೆಬ್ಬೆರಳಿನ ತುದಿಯಷ್ಟು ದಪ್ಪ. ಇದು ನಮ್ಮ ಚಹಾ ಸೋಸುವ ಜರಡಿಯಂತೆ. ಕಸ ಒಳಗೆ ಹೋಗದಂತೆ ತಡೆಯುತ್ತದೆ. ಇದು ಸ್ವಲ್ಪ ಭಾರವಾಗಿರುತ್ತದೆ. ಯಾಕೆ ಗೊತ್ತೆ? ಮಿಷನ್ ಯಾವ ಕಡೆ ವಾಲಿದರೂ ಪೆಟ್ರೋಲು ಇರುವ ಕಡೆಗೇ ಇದು ಉರುಳಬೇಕು. ಕಸ ತುಂಬಿ ಇದು ಕಟ್ಟಿಕೊಂಡರೂ ಮಿಷನ್ ನಿಲ್ಲುತ್ತದೆ. ಮರ ಕೊಯ್ಯುವ ಮಿಷನ್ನಿನಲ್ಲಿಯೂ ಇಂಥದೇ ಪೈಪು, ಇಂಥದೇ ಫಿಲ್ಟರ್ ಇರುತ್ತದೆ.

ಈಗ ಬದಲಾಯಿಸುವುದು ಹೇಗೆ? ಹೇಳುತ್ತೇನೆ, ಕೇಳಿ.

ಮೊದಲು ಮಿಷನ್ ಪೂರ್ತಿ ತಣ್ಣಗಾಗಲಿ. ಬಯಲಿನಲ್ಲಿ ಕೂರಬೇಕು, ಒಲೆಯ ಹತ್ತಿರ ಬೇಡ. ಬೀಡಿ ಸೇದುವವರನ್ನು ದೂರ ಕಳಿಸಿ, ಗಂಡನಾದರೂ ಸರಿ! ಮಕ್ಕಳು ಹತ್ತಿರ ಬಾರದಿರಲಿ. ಪ್ಲಗ್ಗಿನ ಟೋಪಿಯನ್ನು ಕಿತ್ತಿಡಿ. ಆಗ ಮಿಷನ್ ತಾನಾಗಿ ಶುರುವಾಗುವ ಭಯವಿಲ್ಲ.

ಟ್ಯಾಂಕಿನ ಮುಚ್ಚಳದ ಸುತ್ತ ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಮುಚ್ಚಳ ತೆಗೆದ ಕೂಡಲೇ ಹುಲ್ಲಿನ ಚೂರು ಒಳಗೆ ಬೀಳುತ್ತದೆ. ಪೆಟ್ರೋಲನ್ನು ಕ್ಯಾನಿಗೆ ಬಗ್ಗಿಸಿ. ಕ್ಯಾನಿನ ಮೇಲೆ "ಪೆಟ್ರೋಲು" ಎಂದು ದೊಡ್ಡದಾಗಿ ಬರೆಯಿರಿ. ನೀರಿನ ಬಾಟಲಿಯಲ್ಲಿ ಮಾತ್ರ ಎಂದೂ ಇಡಬೇಡಿ. ಬಾಯಾರಿದ ಮಗು ಎತ್ತಿ ಕುಡಿದುಬಿಡುತ್ತದೆ.

ಸಣ್ಣ ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ. ಅದನ್ನು ಟ್ಯಾಂಕಿನೊಳಗೆ ಬಿಟ್ಟು ಫಿಲ್ಟರನ್ನು ಮೆಲ್ಲಗೆ ಹೊರಗೆ ಎಳೆಯಿರಿ. ಬಾವಿಗೆ ಬಿದ್ದ ಕೊಡ ತೆಗೆದವರಿಗೆ ಇದೇನು ಕಷ್ಟ?

ಇಲ್ಲಿ ನೋಡಿ, ಈ ಮಿಷನ್ನಿಗೆ ಎರಡು ಪೈಪು. ಒಂದು ಫಿಲ್ಟರಿನಿಂದ ಕಾರ್ಬುರೇಟರಿಗೆ ಹೋಗುತ್ತದೆ. ಇನ್ನೊಂದು ಈ ರಬ್ಬರ್ ಬಲ್ಬಿನಿಂದ ಟ್ಯಾಂಕಿಗೆ ವಾಪಸು ಬರುತ್ತದೆ. ಅದಲು ಬದಲಾದರೆ ಮಿಷನ್ ನಡೆಯೋದಿಲ್ಲ. ನಾನು ಏನು ಮಾಡಿದೆ ಗೊತ್ತೆ? ಸಾಕ್ಷರತಾ ತರಗತಿಯ ಪುಸ್ತಕದಲ್ಲಿ ಚಿತ್ರ ಬರೆದುಕೊಂಡೆ. ಒಂದು ಪೈಪಿಗೆ "ಕಾ", ಇನ್ನೊಂದಕ್ಕೆ "ಬ". ಚೀಟಿಯಲ್ಲಿ ಅದೇ ಅಕ್ಷರ ಬರೆದು ದಾರದಿಂದ ಪೈಪಿಗೂ ಕಟ್ಟಿದೆ. ಹೆಸರು ಬರೆಯೋಕೆ ಕಲಿತ ಮೇಲೆ ನನ್ನ ಅಕ್ಷರ ಮಾಡಿದ ಮೊದಲ ಕೆಲಸ ಅದು.

ಆಮೇಲೆ ಹಳೇ ಪೈಪನ್ನು ಬೆರಳಿನಿಂದ ತಿರುಗಿಸುತ್ತಾ ಬಿಡಿಸಿ. ಜೋರಾಗಿ ಜಗ್ಗಬೇಡಿ, ಪ್ಲಾಸ್ಟಿಕ್ ಮೂತಿ ಮುರಿಯುತ್ತದೆ. ಹಳೆಯದನ್ನು ಎಸೆಯಲೂ ಬೇಡಿ. ಅದನ್ನೇ ಅಂಗಡಿಗೆ ಒಯ್ಯಿರಿ. ಅಷ್ಟೇ ಉದ್ದ, ಅಷ್ಟೇ ದಪ್ಪ, ಒಳಗಿನ ತೂತೂ ಅಷ್ಟೇ ಇರಬೇಕು.

ಇಲ್ಲೇ ನಾನು ತಪ್ಪಿದೆ. ದುಡ್ಡು ಉಳಿಸೋಣ ಅಂತ ಸಲೈನ್ ಪೈಪಿನ ತುಂಡು ಹಾಕಿದೆ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುತ್ತಾರಲ್ಲ, ಆ ಪೈಪು. ಮೂರು ದಿನ ಮಿಷನ್ ಓಡಿತು. ನಾನು ಬೀಗಿದೆ. ಕೆಲವೇ ವಾರದಲ್ಲಿ ಆ ಪೈಪು ಕಡ್ಡಿಯಂತೆ ಗಟ್ಟಿಯಾಯಿತು. ಫಿಲ್ಟರ್ ಉರುಳದೆ ಒಂದು ಮೂಲೆಯಲ್ಲಿ ಎದ್ದು ನಿಂತಿತು. ಟ್ಯಾಂಕಿನಲ್ಲಿ ಪೆಟ್ರೋಲು ಇದ್ದರೂ ಮಿಷನ್ನಿಗೆ ಸಿಗಲಿಲ್ಲ. ಪೆಟ್ರೋಲಿಗೆ ಪೆಟ್ರೋಲಿನ ಪೈಪೇ ಬೇಕು. ಎರಡನೇ ಸಲ ಅಂಗಡಿಗೆ ಹೋಗಿ ಸರಿಯಾದದ್ದು ತಂದೆ. ಪೈಪು, ಫಿಲ್ಟರ್ ಎರಡಕ್ಕೂ ಸೇರಿ ನೂರೈವತ್ತು ರೂಪಾಯಿ ಆಯಿತು.

ಹೊಸ ಪೈಪಿನ ತುದಿಯನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ. ಸೂಜಿಗೆ ಪೋಣಿಸುವ ಮುಂಚೆ ದಾರವನ್ನು ಚೂಪು ಮಾಡುವುದಿಲ್ಲವೇ, ಹಾಗೆ. ಓರೆ ತುದಿಗೆ ಒಂದು ತೊಟ್ಟು ಎಂಜಿನ್ ಎಣ್ಣೆ ಸವರಿ. ಟ್ಯಾಂಕಿನ ತೂತಿನಲ್ಲಿ ತೂರಿಸಿ ಒಳಗಿನಿಂದ ಎಳೆದುಕೊಳ್ಳಿ. ಪೈಪು ತೂತಿನಲ್ಲಿ ಬಿಗಿಯಾಗಿ ಕೂರಬೇಕು. ಸಡಿಲವಾದರೆ ಅಲ್ಲೇ ಸೋರುತ್ತದೆ. ಆಮೇಲೆ ಓರೆ ತುದಿಯನ್ನು ನೇರವಾಗಿ ಕತ್ತರಿಸಿ ಹೊಸ ಫಿಲ್ಟರ್ ಸಿಕ್ಕಿಸಿ, ಟ್ಯಾಂಕಿನೊಳಗೆ ಬಿಡಿ. ಫಿಲ್ಟರ್ ತಳ ಮುಟ್ಟಬೇಕು, ಅತ್ತಿತ್ತ ಉರುಳಬೇಕು. ಇನ್ನೊಂದು ತುದಿಯನ್ನು ಚೀಟಿ ನೋಡಿ ಸಿಕ್ಕಿಸಿ.

ಇನ್ನು ಪೆಟ್ರೋಲು ಹಾಕುವುದು. ಇಂಥ ಮಿಷನ್ನಿನಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಟೂ ಸ್ಟ್ರೋಕ್ ಎಣ್ಣೆ. ಎಷ್ಟು ಬೆರೆಸಬೇಕು? ಮುಚ್ಚಳದ ಮೇಲೆ ಇದೆ ನೋಡಿ, 25:1. ಇಂಗ್ಲಿಷ್ ಬಾರದಿದ್ದರೇನು, ಅಂಕಿ ನಮಗೆ ಬರುತ್ತದಲ್ಲ! ಇಪ್ಪತ್ತೈದು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಒಂದು ಲೀಟರಿಗೆ 40 ಮಿಲಿಲೀಟರ್. ಕೆಲವು ಮಿಷನ್ನಿನಲ್ಲಿ 50:1 ಇರುತ್ತದೆ. ಅದಕ್ಕೆ 20 ಮಿಲಿಲೀಟರ್ ಸಾಕು. ಎಣ್ಣೆ ಕಡಿಮೆಯಾದರೆ ಎಂಜಿನ್ ಸುಟ್ಟು ಹಿಡಿದುಕೊಳ್ಳುತ್ತದೆ. ಫೋರ್ ಸ್ಟ್ರೋಕ್ ಮಿಷನ್ ಆದರೆ ಪೆಟ್ರೋಲಿಗೆ ಎಣ್ಣೆ ಬೆರೆಸುವುದೇ ಇಲ್ಲ. ಆದ್ದರಿಂದ ಓದಿಯೇ ಹಾಕಿ. ಅಂದಾಜು ಬೇಡ.

ತುಂಬಿಸಿದ ಮೇಲೆ ಐದು ನಿಮಿಷ ಸುಮ್ಮನೆ ನೋಡಿ. ಹನಿ ಬೀಳುತ್ತಿದೆಯೇ? ರಬ್ಬರ್ ಬಲ್ಬನ್ನು ಏಳೆಂಟು ಸಲ ಒತ್ತಿ. ಅದರಲ್ಲಿ ಪೆಟ್ರೋಲು ತುಂಬಿ ಬರಬೇಕು. ಬರೀ ಗಾಳಿಗುಳ್ಳೆ ಬರುತ್ತಲೇ ಇದ್ದರೆ ಎಲ್ಲೋ ಸಡಿಲ ಇದೆ ಎಂದು ತಿಳಿಯಿರಿ. ಎಲ್ಲ ಸರಿ ಇದ್ದರೆ ಚೆಲ್ಲಿದ್ದನ್ನು ಒರೆಸಿ, ಪ್ಲಗ್ಗಿನ ಟೋಪಿ ಹಾಕಿ. ಪೆಟ್ರೋಲು ತುಂಬಿಸಿದ ಜಾಗದಿಂದ ಹತ್ತು ಹೆಜ್ಜೆ ದೂರ ಹೋಗಿ ಹಗ್ಗ ಎಳೆಯಿರಿ. ಇಷ್ಟು ಮಾಡಿದರೂ ನಡೆಯದಿದ್ದರೆ ತೊಂದರೆ ಬೇರೆ ಕಡೆ ಇರಬಹುದು. ಆಗ ರಿಪೇರಿಗೆ ಒಯ್ಯಿರಿ. ಅದರಲ್ಲಿ ಅವಮಾನವಿಲ್ಲ.

ಪೈಪು ಯಾಕೆ ಹಾಳಾಗುತ್ತದೆ ಅಂತ ಕೇಳಬಹುದು. ವಯಸ್ಸು ಒಂದು ಕಾರಣ. ಇನ್ನೊಂದೂ ಇದೆ. ಈಗ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. ಎಥನಾಲನ್ನು ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ತಯಾರಿಸುತ್ತಾರೆ. 2022ರಲ್ಲಿ ನೂರು ಪಾಲಿನಲ್ಲಿ ಹತ್ತು ಪಾಲು ಎಥನಾಲ್ ಇತ್ತು. 2025ರಲ್ಲಿ ಅದು ಇಪ್ಪತ್ತು ಪಾಲಾಯಿತು. ಹಳೇ ಮಿಷನ್ನಿನ ರಬ್ಬರಿಗೆ ಇದು ಅಷ್ಟಾಗಿ ಒಗ್ಗುವುದಿಲ್ಲ. ಜೊತೆಗೆ ಎಥನಾಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಹೀರುತ್ತದೆ. ನಮ್ಮ ಮಳೆಗಾಲದ ಉಪ್ಪಿನ ಹಾಗೆ. ಅದಕ್ಕೇ ಕೆಲಸದ ಕಾಲ ಮುಗಿದ ಮೇಲೆ ಟ್ಯಾಂಕು ಖಾಲಿ ಮಾಡಿ. ಉಳಿದ ಪೆಟ್ರೋಲು ಮುಗಿದು ತಾನೇ ನಿಲ್ಲುವವರೆಗೆ ಮಿಷನ್ ಓಡಿಸಿ ಇಡಿ. ಮುಂದಿನ ವರ್ಷ ಪೈಪನ್ನು ಬಗ್ಗಿಸಿ ನೋಡಿ, ಮೂಸಿ ನೋಡಿ. ಆಮೇಲೆ ಹೆಗಲಿಗೇರಿಸಿ.

ಅಕ್ಕಂದಿರೇ, ಆ ವರ್ಷ ನಾವು ಕಂತು ಕಟ್ಟಿದೆವು. ಎರಡು ವಾರ ತಡವಾಯಿತು, ಆದರೂ ಕಟ್ಟಿದೆವು. ದೊಡ್ಡ ವಿಷಯ ಅದಲ್ಲ. ಅಂದು ಒಲೆ ಮುಂದೆ ಕುಳಿತಿದ್ದ ತಂಗಿ ಇವತ್ತು ಇಲ್ಲೇ ಇದ್ದಾಳೆ. ಅಗೋ, ಹಿಂದಿನ ಸಾಲಿನಲ್ಲಿ ನಗುತ್ತಿದ್ದಾಳೆ. ಈಗ ಪ್ರತಿದಿನ ಕೆಲಸಕ್ಕೆ ಮುಂಚೆ ಪೈಪು ನೋಡುವವಳು ಅವಳೇ.

"ಮಿಷನ್ ಕೆಲಸ ಗಂಡಸರದು, ನಮಗೇನು ಗೊತ್ತು" ಅಂತ ನಾವು ಮುಚ್ಚಳ ತೆಗೆಯದೇ ಇದ್ದೆವು. ತೆಗೆದು ನೋಡಿದರೆ ಒಳಗೆ ಇದ್ದದ್ದು ಒಂದು ಗೇಣು ಪೈಪು, ಒಂದು ಜರಡಿ. ಸೋಸುವುದು, ಪೋಣಿಸುವುದು, ಅಳೆದು ಬೆರೆಸುವುದು ನಮಗೆ ಬಾರದ ಕೆಲಸವೇ?

ಮಾತು ಸಾಕು. ಮಿಷನ್ ತಣ್ಣಗಿದೆ, ಟ್ಯಾಂಕು ಖಾಲಿ ಇದೆ. ಒಬ್ಬೊಬ್ಬರಾಗಿ ಬನ್ನಿ. ಮುಚ್ಚಳ ನೀವೇ ತೆಗೆಯಿರಿ.

ನೆನಪಿರಲಿ

ಪೆಟ್ರೋಲಿನ ವಾಸನೆ ಬಂದರೆ ಮಿಷನ್ ನಿಲ್ಲಿಸಿ.
ಪೆಟ್ರೋಲು ಬಿದ್ದ ಬಟ್ಟೆಯಲ್ಲಿ ಒಲೆಯ ಹತ್ತಿರ ಹೋಗಬೇಡಿ.
ಹಳೇ ಪೈಪು ತೋರಿಸಿ ಹೊಸ ಪೈಪು ಕೊಳ್ಳಿರಿ.
ಎಣ್ಣೆಯ ಅಳತೆ ಓದಿ, ಆಮೇಲೆ ಬೆರೆಸಿ.
ಕೆಲಸದ ಕಾಲ ಮುಗಿದ ಮೇಲೆ ಟ್ಯಾಂಕು ಖಾಲಿ ಮಾಡಿ.