ಸ್ಟಾಂಪ್ ಪೇಪರಿನ ಮೇಲೊಂದು ಸಹಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಕ್ಷೇತ್ರದ ಅವಕಾಶಗಳ ಬಗ್ಗೆ ಮಾತಾಡಬೇಕೆಂದು ಸಮಿತಿಯವರು ಹೇಳಿದ್ದರು. ಕ್ಷಮಿಸಬೇಕು, ಬೇರೆ ವಿಷಯ ಹೇಳುತ್ತೇನೆ. ಈ ವರ್ಷ ನಮ್ಮ ಶಾಲೆಗೆ ಐವತ್ತು ತುಂಬಿತು. 2023ರಲ್ಲಿ ಒಂದು ಕಾಯ್ದೆಗೆ ನೂರು ತುಂಬಿತ್ತು. ಅದು 1923ರ ಕಾರ್ಮಿಕರ ಪರಿಹಾರ ಕಾಯ್ದೆ. 2010ರಿಂದ 2025ರವರೆಗೆ ಅದಕ್ಕೆ ನೌಕರರ ಪರಿಹಾರ ಕಾಯ್ದೆ ಎಂದು ಹೆಸರಿತ್ತು. ಬಿ.ಇ. ಮುಗಿಸಿ ಎಂಟು ವರ್ಷವಾದರೂ ನಾನು ಆ ಹೆಸರನ್ನೇ ಕೇಳಿರಲಿಲ್ಲ.

2021ರ ಫೆಬ್ರವರಿಯಲ್ಲಿ ನನ್ನ ಬೆಂಚಿನ ಗೆಳೆಯ ಬೆಂಗಳೂರಿನಲ್ಲಿ ಕಟ್ಟಡದ ನಾಲ್ಕನೇ ಮಹಡಿಯಿಂದ ಬಿದ್ದು ತೀರಿಕೊಂಡ. ಹೆಸರು ಹೇಳುವುದಿಲ್ಲ, ನಿಮಗೆಲ್ಲ ಗೊತ್ತು. ಹತ್ತನೇ ಮುಗಿಸಿ ಗುಳೆ ಹೋದವನು, ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಸೊಂಟಕ್ಕೆ ಬೆಲ್ಟ್ ಇರಲಿಲ್ಲ, ಕೆಳಗೆ ಬಲೆ ಇರಲಿಲ್ಲ. ಮೂರನೇ ದಿನ ಮೇಸ್ತ್ರಿ ಮತ್ತು ಕಟ್ಟಿಸುವವರ ಕಡೆಯ ಒಬ್ಬರು ಎರಡು ಲಕ್ಷ ರೂಪಾಯಿ, ಒಂದು ಸ್ಟಾಂಪ್ ಪೇಪರು ತಂದರು. ಅವನ ಅವ್ವ ನನ್ನ ಕೈಗೆ ಕಾಗದ ಕೊಟ್ಟು, "ನೀ ಓದಿದಾವ, ನೋಡಿ ಹೇಳಪ್ಪ" ಅಂದರು. ನಾನು ಓದಿದೆ. ಮುಂದೆ ಯಾವ ತಕರಾರೂ ಇಲ್ಲ ಎಂದು ಬರೆದಿತ್ತು. "ಹೆಬ್ಬಟ್ಟು ಒತ್ತವ್ವ, ಇನ್ನ ಓಡಾಡಾಕ ಆಗೂದಿಲ್ಲ" ಅಂದೆ. ಸಾಕ್ಷಿ ಸಹಿಯೂ ನನ್ನದೇ.

ಆ ಕಾಗದಕ್ಕೆ ಕಾಯ್ದೆಯಲ್ಲಿ ಬೆಲೆಯೇ ಇಲ್ಲ ಎಂದು ಆಮೇಲೆ ತಿಳಿಯಿತು. ಪರಿಹಾರದ ಹಕ್ಕು ಬಿಟ್ಟುಕೊಡುವ ಕರಾರು 17ನೇ ಕಲಮಿನ ಪ್ರಕಾರ ಅಸಿಂಧುವಾಗಿತ್ತು. ಸಾವು ಸಂಭವಿಸಿದಾಗ ಮಾಲೀಕ ಪರಿಹಾರದ ಹಣವನ್ನು ಆಯುಕ್ತರ ಬಳಿ ಠೇವಣಿ ಇಡಬೇಕಿತ್ತು. ಮನೆಗೆ ತಂದುಕೊಟ್ಟದ್ದನ್ನು ಪರಿಹಾರವೆಂದು 8ನೇ ಕಲಮು ಒಪ್ಪುತ್ತಿರಲಿಲ್ಲ. "ಅವನು ನಮ್ಮ ಆಳಲ್ಲ, ಮೇಸ್ತ್ರಿ ಕರೆತಂದವನು" ಎಂದು ಅವರು ಅಂದಿದ್ದರಲ್ಲ, ಅದಕ್ಕೂ 12ನೇ ಕಲಮಿನಲ್ಲಿ ಉತ್ತರವಿತ್ತು: ಗುತ್ತಿಗೆದಾರನ ಆಳಿಗೂ ಕೆಲಸ ಕೊಟ್ಟ ಸಂಸ್ಥೆಯೇ ಹೊಣೆ, ಬೇಕಾದರೆ ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ.

ಲೆಕ್ಕವೂ ಗುಟ್ಟಿನದಲ್ಲ. ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. 2020ರ ಜನವರಿಯಿಂದ ಸಂಬಳವನ್ನು ಹೆಚ್ಚೆಂದರೆ 15,000 ಎಂದು ಹಿಡಿಯುತ್ತಿದ್ದರು. ಅವನಿಗೆ 30 ವರ್ಷ, ಅದರ ಅಂಕಿ 207.98. ಗುಣಿಸಿದರೆ 15,59,850 ರೂಪಾಯಿ. ಇದೇ ಶಾಲೆಯಲ್ಲಿ ನಾವಿಬ್ಬರೂ ಕೂಡಿ ಕಲಿತ ಗುಣಾಕಾರ. ನಾನು ಎರಡು ಲಕ್ಷಕ್ಕೆ ಸಹಿ ಮಾಡಿಸಿದ್ದೆ.

ಇನ್‌ಸ್ಪೆಕ್ಟರ್ ಏನು ಮಾಡುತ್ತಿದ್ದ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ನನ್ನ ಕಸುಬಿಗೆ ಹತ್ತಿರದ ಮಾತಾದ್ದರಿಂದ ಹೇಳುತ್ತೇನೆ. 2014ರಲ್ಲಿ ಕೇಂದ್ರ ಸರ್ಕಾರ ಶ್ರಮ ಸುವಿಧಾ ಪೋರ್ಟಲ್ ತಂದು, ತಪಾಸಣೆಗೆ ಎಲ್ಲಿ ಹೋಗಬೇಕೆಂದು ಕಂಪ್ಯೂಟರೇ ಆರಿಸುವ ಪದ್ಧತಿ ಮಾಡಿತು. ಲಂಚಕ್ಕಾಗಿ ಪೀಡಿಸುವುದು ತಪ್ಪಲಿ ಎನ್ನುವ ಉದ್ದೇಶ ಒಳ್ಳೆಯದೇ. ಆದರೆ ಪಟ್ಟಿಯಲ್ಲಿ ಇಲ್ಲದ್ದನ್ನು ಯಾವ ಕಂಪ್ಯೂಟರೂ ಆರಿಸಲಾರದು. ನೋಂದಣಿಯಾಗದ ಕಟ್ಟಡ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಆಳು, ಇಲಾಖೆಗೆ ತಿಳಿಸದ ಸಾವು, ಇವು ಸರ್ಕಾರದ ಕಣ್ಣಿಗೆ ನಡೆದೇ ಇಲ್ಲ. ಆ ದಿನ ಸ್ಟಾಂಪ್ ಪೇಪರು ಮಾಡಿದ್ದೂ ಅದನ್ನೇ, ಒಂದು ಸಾವನ್ನು ಪಟ್ಟಿಗೆ ಬಾರದಂತೆ ಮಾಡಿತು. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡೂ ಅವನಿಗಿರಲಿಲ್ಲ. ಅದಕ್ಕೆ ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಬೇಕು, ಮೇಸ್ತ್ರಿ ಕೊಟ್ಟಿರಲಿಲ್ಲ.

ನಮ್ಮೂರಿನಿಂದ ಈಗಲೂ ಹುಡುಗರು ಅದೇ ಬಸ್ಸು ಹತ್ತುತ್ತಿದ್ದಾರೆ. ಅವರ ಮನೆಯವರಿಗೆ ನನ್ನದೊಂದೇ ಕೋರಿಕೆ: ಮೇಸ್ತ್ರಿಯ ಹೆಸರು, ಕೆಲಸದ ಜಾಗ, ಕೂಲಿ ಎಷ್ಟು ಎನ್ನುವುದನ್ನು ಮನೆಯ ಕ್ಯಾಲೆಂಡರಿನ ಹಿಂದಾದರೂ ಬರೆದಿಡಿ. ಇವಿಲ್ಲದೆ ನಮ್ಮ ವಕೀಲರು ಆರು ತಿಂಗಳು ಅಲೆದಾಡಿದರು.

ಹೌದು, ಅರ್ಜಿ ಹಾಕಿದ್ದೇವೆ. ಎರಡು ವರ್ಷದ ಗಡುವು ಮೀರಿತ್ತು. ಸಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಆಯುಕ್ತರಿಗಿತ್ತು. ತಡಕ್ಕೆ ಕಾರಣ ಬರೆಯುವಾಗ ವಕೀಲರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ನನ್ನ ಹೆಸರನ್ನೇ ಬರೆಯಿರಿ ಅಂದೆ. ವಿಚಾರಣೆ ಇನ್ನೂ ನಡೆದಿದೆ, ಅವ್ವ ಇವತ್ತು ಈ ಸಭೆಗೂ ಬಂದಿದ್ದಾರೆ.