ಹೆಪ್ಪುಗಟ್ಟದ ಬಂದರು, ನಮ್ಮ ಹೊಲದ ಪೊಟ್ಯಾಷ್
(ಸಂಘದ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಬರೀ ದೂಳು ಹಾರುವ ಈ ಕೈವಾರದ ಸೀಮೆಯಲ್ಲಿ ಬಂದರಿನ ಮಾತೇಕೆ ಎಂದು ನೀವು ಕೇಳಬಹುದು. ಮನೆಯಲ್ಲಿ ಟೊಮೆಟೊ ಬೆಳೆಯುವವರಿದ್ದರೆ 2022ರ ಸಂಗತಿ ಕೇಳಿ ನೋಡಿ. ಆ ವರ್ಷ ಪೊಟ್ಯಾಷ್ ಮೂಟೆಯ ದರ ಗಗನಕ್ಕೇರಿತ್ತು. ಈ ಗೊಬ್ಬರಕ್ಕೆ ನಮ್ಮ ದೇಶ ಆಮದನ್ನೇ ನಂಬಿದೆ. ಅದನ್ನು ಹೇರಳವಾಗಿ ಅಗೆಯುವ ಬೆಲಾರೂಸ್ ದೇಶಕ್ಕೆ ಕಡಲಿಲ್ಲ. ನೆರೆಯ ಲಿಥುವೇನಿಯಾದ ಕ್ಲೈಪೆಡಾ ಬಂದರಿನಲ್ಲಿ ಅದು ಹಡಗು ಹತ್ತುತ್ತಿತ್ತು. 2022ರ ಫೆಬ್ರವರಿಯಲ್ಲಿ ಲಿಥುವೇನಿಯಾ ಆ ದಾರಿಯನ್ನು ಮುಚ್ಚಿತು. ಅದೇ ತಿಂಗಳು ಉಕ್ರೇನಿನಲ್ಲಿ ಯುದ್ಧವೂ ಶುರುವಾಯಿತು. ಬಿಸಿ ನಮ್ಮ ಹೊಲಕ್ಕೂ ತಟ್ಟಿತು.

ಕ್ಲೈಪೆಡಾದ ಹಿರಿಮೆಯೆಂದರೆ ಅಲ್ಲಿನ ನೀರು ಚಳಿಗಾಲದಲ್ಲೂ ಹಡಗನ್ನು ತಡೆಯುವಷ್ಟು ಹೆಪ್ಪುಗಟ್ಟುವುದಿಲ್ಲ. ಅದಕ್ಕೂ ಉತ್ತರದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮಂಜುಗಡ್ಡೆ ಒಡೆಯುವ ಹಡಗು ಮುಂದೆ ಹೋಗದೆ ಸರಕಿನ ಹಡಗು ಬಾರದು. ಹಾಗಾದರೆ ಉತ್ತರಕ್ಕೆ ಹೋದಷ್ಟೂ ಬಂದರು ಮುಚ್ಚುತ್ತದೆಯೇ? ಇಲ್ಲ. ಸೇಂಟ್ ಪೀಟರ್ಸ್‌ಬರ್ಗ್ 60 ಡಿಗ್ರಿ ಅಕ್ಷಾಂಶದಲ್ಲಿದೆ, ಮುರ್ಮಾನ್ಸ್ಕ್ 69ರಲ್ಲಿದೆ. ಆದರೂ ಮುರ್ಮಾನ್ಸ್ಕ್ ವರ್ಷವಿಡೀ ತೆರೆದಿರುತ್ತದೆ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಅಲ್ಲಿಯವರೆಗೂ ಹರಿಯುತ್ತದೆ. ಸಾಗರದ ಉಪ್ಪುನೀರು ಹೆಪ್ಪುಗಟ್ಟಲು ಸೊನ್ನೆಗಿಂತ ಸುಮಾರು 1.8 ಡಿಗ್ರಿ ಕೆಳಗಿಳಿಯಬೇಕು. ಸೇಂಟ್ ಪೀಟರ್ಸ್‌ಬರ್ಗ್ ಬಳಿ ನೇವಾ ನದಿ ಸಿಹಿನೀರು ಸುರಿಯುವುದರಿಂದ ಅಲ್ಲಿ ಉಪ್ಪು ತೀರಾ ಕಡಿಮೆ. ನಕಾಶೆ ನೋಡಿ ಚಳಿ ಅಳೆಯಬೇಡಿ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ.

ಒಮ್ಮೆ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ನಮ್ಮಲ್ಲಿ ಮಂಜೇ ಇಲ್ಲವಲ್ಲ, ಹಾಗಾದರೆ ನಮ್ಮ ಬಂದರು ಯಾವಾಗಲೂ ತೆರೆದೇ ಇರುತ್ತಾ?" ಎಂದಳು. ಹೌದು ಎಂದುಬಿಟ್ಟೆ. ತಪ್ಪು ಹೇಳಿದ್ದೆ. ಮಂಗಳೂರಿನ ಹಳೇ ಬಂದರನ್ನು ಕಂಡ ಮೇಲೆಯೇ ಅದು ತಿಳಿದದ್ದು.

ಅಲ್ಲಿ ನೇತ್ರಾವತಿ, ಗುರುಪುರ ನದಿಗಳು ಕೂಡಿ ಕಡಲು ಸೇರುತ್ತವೆ. ಅಳಿವೆಯ ಬಾಯಲ್ಲಿ ಮರಳು ದಿಬ್ಬ ಕಟ್ಟುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ಅಲೆ ಒಡೆಯುತ್ತದೆ. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಆ ತಿಂಗಳುಗಳಲ್ಲಿ ಲಂಗರು ಹಾಕಿ ಕೂರುತ್ತವೆ. ಅರಬ್ ನಾವಿಕರು ಶತಮಾನಗಳ ಹಿಂದೆಯೇ ಇದನ್ನರಿತು ಗಾಳಿಯ ಕಾಲ ನೋಡಿ ಬಂದುಹೋಗುತ್ತಿದ್ದರು. ಅವರ 'ಮೌಸಿಮ್' ಎಂಬ ಮಾತೇ ಮಾನ್ಸೂನ್ ಆಯಿತು. ನಿಮ್ಮ ಮನೆಮಾತಿನ 'ಮೌಸಮ್' ಕೂಡ ಅದೇ.

ಈ ತೊಡಕಿಗೆ ಪಣಂಬೂರಿನಲ್ಲಿ ಉತ್ತರ ಸಿಕ್ಕಿತು. ದಡದ ಒಳಗೆ ನೆಲ ಅಗೆದು ಕೊಳ ಮಾಡಿ, ಬಾಯಿಗೆ ಎರಡು ಅಲೆತಡೆ ಗೋಡೆ ಕಟ್ಟಿದರು. 1974ರ ಮೇ 4ರಂದು ನವ ಮಂಗಳೂರು ಪ್ರಮುಖ ಬಂದರೆಂದು ಘೋಷಣೆಯಾಯಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಅಲ್ಲಿ ಮಳೆಗಾಲದಲ್ಲೂ ಹಡಗು ಬರುತ್ತದೆ.

ಆದರೆ ಕರಾವಳಿಯ ಎಷ್ಟೋ ಅಳಿವೆಗಳಲ್ಲಿ ಮೀನುಗಾರರಿಗೆ ಇಂದಿಗೂ ಆ ಮರಳು ದಿಬ್ಬವೇ ಗಂಡಾಂತರ. ಮನೆಯ ದೀಪ ಕಾಣುವಷ್ಟು ಹತ್ತಿರ ಬಂದ ಮೇಲೆ ದೋಣಿ ಮಗುಚಿ ಸತ್ತವರಿದ್ದಾರೆ. ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಅವಳಿಗೆ ಕೊಡಬೇಕಿದ್ದ ಉತ್ತರವನ್ನು ಇಂದು ನಿಮ್ಮೆದುರು ಹೇಳಿದ್ದೇನೆ.