ಸೋರೆಯ ಹೀಚು



ಹಿತ್ತಲಲ್ಲಿ ಸೋರೆಬಳ್ಳಿ ಇದ್ದ ಮನೆಗಳಲ್ಲಿ ಬೆಳೆದವರಿಗೆ ಹಿರಿಯರ ಒಂದು ಗದರಿಕೆ ನೆನಪಿರುತ್ತದೆ: 'ಹೀಚಿಗೆ ಬೆರಳು ತೋರಿಸಬೇಡ, ಕೊಳೆತುಹೋಗುತ್ತೆ.' ಮಕ್ಕಳು ಬೆರಳು ಮಡಚಿ ತೋರಿಸುತ್ತಿದ್ದರು.

ಹೀಚು ಉದುರುವುದಕ್ಕೆ ನಿಜವಾದ ಕಾರಣ ಬೇರೆ. ಸೋರೆಯ ಬಿಳಿ ಹೂ ಅರಳುವುದು ಇಳಿಹೊತ್ತಿನಲ್ಲಿ. ಮರುದಿನ ಬಿಸಿಲೇರುವಷ್ಟರಲ್ಲಿ ಅದು ಬಾಡುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಅರಳುವ ಮೊದಲೇ ಪುಟ್ಟ ಕಾಯಿಯ ಆಕಾರವಿರುತ್ತದೆ, ಮೈತುಂಬ ನವಿರು ರೋಮ. ಆ ಒಂದೇ ರಾತ್ರಿಯಲ್ಲಿ ಪತಂಗವೋ ಇನ್ನಾವ ಹುಳುವೋ ಗಂಡು ಹೂವಿನ ಪರಾಗ ತಂದು ಮುಟ್ಟಿಸಬೇಕು. ತಪ್ಪಿದರೆ ಹೀಚು ಹಳದಿಯಾಗಿ, ಮುರುಟಿ ಬೀಳುತ್ತದೆ. ಪರಾಗ ಮುಟ್ಟಿದ್ದರೂ ಹಣ್ಣುನೊಣ ಎಳೆಸಿಪ್ಪೆ ಚುಚ್ಚಿ ಮೊಟ್ಟೆಯಿಟ್ಟರೆ ಒಳಗಿನಿಂದ ಕೊಳೆಯುತ್ತದೆ.

ಆದರೂ ಆ ಗದರಿಕೆ ನನಗೆ ಪ್ರಿಯ. ಸಂತೆಯಲ್ಲಿ ಸೋರೆಗೆ ಮರ್ಯಾದೆ ಕಡಿಮೆ, ನೆಂಟರಿಗೆ ಬಡಿಸುವ ತರಕಾರಿಯೂ ಅದಲ್ಲ. ಅಂಥದ್ದರ ಹೀಚಿಗೂ ದೃಷ್ಟಿ ತಾಗೀತೆಂದು ಒಬ್ಬರು ಕಾಯುತ್ತಿದ್ದರಲ್ಲ! ಬೆಳಗ್ಗೆ ಎದ್ದವರೇ ಚಪ್ಪರದ ಕೆಳಗೆ ನಿಂತು, ಕಚ್ಚಿದ್ದೆಷ್ಟು, ಬಿದ್ದದ್ದೆಷ್ಟು ಎಂದು ನೋಡುತ್ತಿದ್ದರು. ಇಷ್ಟಕ್ಕೆಲ್ಲ ದುಃಖವೇ ಎನ್ನಬಹುದು. ಬಿದ್ದ ಹೀಚಿಗೆ ಮರುಗದವರಿಗೆ ಕಚ್ಚಿದ ಕಾಯಿಯ ಸಂತೋಷವೂ ಪೂರ್ತಿ ದಕ್ಕುವುದಿಲ್ಲ ಎಂದೇ ನನ್ನ ನಂಬಿಕೆ.

ಅಕ್ಕರೆಯಿಂದ ಬೆಳೆಸಿದ ಕಾಯಿಯೇ ಕೆಲವೊಮ್ಮೆ ಕಹಿಯಾಗುತ್ತದೆ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೂ ಹೋಗದು. ಅಡುಗೆಗೆ ಮುಂಚೆ ಚೂರು ನಾಲಿಗೆಗಿಟ್ಟು ನೋಡಿ, ಕಹಿಯಾದರೆ ಉಗುಳಿ ಎಸೆಯಲೇಬೇಕು, ಎಷ್ಟೇ ಸಂಕಟವಾಗಲಿ.

ಇನ್ನು ಬೀಜಕ್ಕೆ ಬಿಟ್ಟ ಕಾಯಿ. ಬಳ್ಳಿಯಲ್ಲಿ ಎಲ್ಲಕ್ಕಿಂತ ಚೆಂದದ್ದನ್ನೇ ಕೊಯ್ಯದೆ ಬಿಡುತ್ತಾರೆ. ಬಳ್ಳಿ ಒಣಗಿದರೂ ಅದು ತೂಗುತ್ತಿರುತ್ತದೆ. ಅಲ್ಲಾಡಿಸಿದರೆ ಒಳಗೆ ಬೀಜದ ಸದ್ದು. ಒಣಗಿದ ಬುರುಡೆಯನ್ನು ಈಜು ಕಲಿಯುವ ಮಕ್ಕಳ ಬೆನ್ನಿಗೆ ಕಟ್ಟುತ್ತಿದ್ದರು. ಪಂಢರಪುರದ ಕಡೆ ಬೆಳೆಯುವ ದೊಡ್ಡ ಬುರುಡೆಗಳು ಮಿರಜಿನ ಕುಶಲಕರ್ಮಿಗಳ ಕೈಯಲ್ಲಿ ತಂಬೂರಿಯಾಗುತ್ತವೆ. ನಮ್ಮ ಎಷ್ಟೋ ಸಂಗೀತಗಾರರು ಶ್ರುತಿ ಹಿಡಿಯುವುದು ಇಂಥ ತಂಬೂರಿಯ ಮೇಲೆಯೇ.

ತಾರಸಿಯಲ್ಲಿ ಸೋರೆ ಹಬ್ಬಿಸಿದ ಅನೇಕರ ದೂರು ಒಂದೇ: ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಪತಂಗಕ್ಕೆ ಕಾಯಬೇಡಿ. ಇವತ್ತು ಸಂಜೆ ಹೂ ಅರಳಿದ ಮೇಲೆ ಉದ್ದ ತೊಟ್ಟಿನ ಗಂಡು ಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಕಚ್ಚಿದರೆ ಕೆಲವೇ ದಿನಗಳಲ್ಲಿ ಹೀಚು ಉಬ್ಬತೊಡಗುತ್ತದೆ. ಹಳದಿಯಾಯಿತೋ, ಇನ್ನೊಂದು ಹೆಣ್ಣು ಹೂ ಹುಡುಕಿ.